ರುಕ್ಮವ್ವನ ಹೊಟ್ಟೆ ಮತ್ತು ನಾನು ಹೊಲಿದ ಪಟ್ಟಿ

ಮೊದಲು ಅದು ಅಡಿಕೆಯಷ್ಟಿತ್ತು.

ನನ್ನ ಹೆಂಡತಿ ರುಕ್ಮವ್ವ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲಿಡುವಾಗ "ಅಯ್ಯ" ಎಂದಳು. ಸುಟ್ಟುಕೊಂಡಳೆಂದು ನಾನು ಮಷಿನ್ ನಿಲ್ಲಿಸಿದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಸೆರಗು ಸರಿಸಿ ತೋರಿಸಿದಳು. ಹೊಕ್ಕಳ ಒಳಗೆ ತಗ್ಗಾಗಿ ಇರುವ ಬದಲು ಹೊರಗೆ ಉಬ್ಬಿ ನಿಂತಿತ್ತು. ಎರಡು ಬೆರಳಿನಿಂದ ಒತ್ತಿದಳು. ಗುಳುಕ್ಕೆಂದು ಒಳಗೆ ಹೋಯಿತು.

"ನೋಡ್ರಿ, ಹೇಳಿದ ಮಾತು ಕೇಳತೈತಿ. ನಿಮಗಿಂತ ಪಾಡು" ಎಂದಳು.

ಇಬ್ಬರೂ ನಕ್ಕೆವು. ನಾನು ಮತ್ತೆ ಪೆಡಲ್ ತುಳಿದೆ.

ನಾವು ಹಾನಗಲ್ಲಿನ ಸಿಂಪಿಗರು. ಬಜಾರದಲ್ಲಿ ನನ್ನದೊಂದು ಮಷಿನಿನ ಹೊಲಿಗೆ ಅಂಗಡಿ, ಅದರ ಹಿಂದೆಯೇ ಮನೆ. ಕತ್ತರಿಸುವುದು, ಹೊಲಿಯುವುದು ನನ್ನ ಕೆಲಸ. ಗುಂಡಿ ತೂರಿಸುವ ತೂತಿಗೆ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಇಸ್ತ್ರಿ ರುಕ್ಮವ್ವನದು. ಸರ್ಕಾರದವರು ಮೀಟರ್ ತಂದು ಕೆಲವು ವರ್ಷವಾದರೂ ನನ್ನ ಕೊರಳಲ್ಲಿರುವುದು ಇಂಚಿನ ಟೇಪೇ. ಇದನ್ನು ಇಲ್ಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ಆದದ್ದೆಲ್ಲ ನಾನು ಟೇಪು ಹಿಡಿದ ಮನುಷ್ಯನಾಗಿದ್ದರಿಂದಲೇ ಆಯಿತು. ಬೇರೆ ಕಸಬಿನವನಾಗಿದ್ದರೆ ಆ ತಪ್ಪನ್ನು ಮಾಡುತ್ತಿರಲಿಲ್ಲ. ಮಾಡಬೇಕೆಂದರೂ ಬರುತ್ತಿರಲಿಲ್ಲ.

ರುಕ್ಮವ್ವನಿಗೆ ಐದು ಹೆರಿಗೆ. ಮೂರು ಮಕ್ಕಳು ಉಳಿದಿವೆ. ನಮ್ಮ ಕಡೆ ಬಾಣಂತಿಯ ಹೊಟ್ಟೆಯನ್ನು ಹಳೆಯ ಸೀರೆಯಿಂದ ಬಿಗಿದು ಕಟ್ಟುತ್ತಾರೆ. ಕಟ್ಟದಿದ್ದರೆ ಹೊಟ್ಟೆ ಜೋತುಬೀಳುತ್ತದೆ, ಗಾಳಿ ಸೇರುತ್ತದೆ ಎಂಬ ನಂಬಿಕೆ. ಮೊದಲಿನ ನಾಲ್ಕು ಬಾಣಂತನದಲ್ಲಿ ಅವಳ ತವರಿನವರು, ಹಂಸಭಾವಿಯಲ್ಲಿ, ನಲವತ್ತು ದಿನ ತಪ್ಪದೆ ಕಟ್ಟಿದ್ದರು. ಐದನೆಯದು ನಮ್ಮ ಮನೆಯಲ್ಲೇ ಆಯಿತು. ಅದು ಮದುವೆ ಹೊಲಿಗೆಯ ಕಾಲ. ಹನ್ನೆರಡನೆಯ ದಿನಕ್ಕೇ ಅವಳು ಕಟ್ಟು ಬಿಚ್ಚಿ ಕಾಜಾ ಹಿಡಿದು ಕುಳಿತಳು. ಬೇಡವೆಂದು ನಾನು ಹೇಳಲಿಲ್ಲ.

ಹೊಕ್ಕಳದ ಸಂಗತಿ ತಿಳಿದಾಗ ನಮ್ಮ ಜೊತೆಗೇ ಇರುವ ನನ್ನ ಅವ್ವ ಅದನ್ನೇ ಹಿಡಿದಳು.

"ನಲವತ್ತ ದಿನ ಕಟ್ಟಿಸ್ಕೊ ಅಂದ್ರ ಹನ್ನೆರಡಕ್ಕ ಬಿಚ್ಚಿ ಕುಂತಿ. ಈಗ ಅನುಭೋಗಸು. ವಿಠೂ, ನೀ ಸಿಂಪಿಗ ಅದಿ ಅಲ್ಲ? ನಿನ್ನ ಹೇಣ್ತಿಗೆ ಒಂದು ಪಟ್ಟಿ ಹೊಲಿಯಾಕ ಬರಂಗಿಲ್ಲೇನು?"

ಬರುತ್ತಿತ್ತು. ಬಹಳ ಚೆನ್ನಾಗಿ ಬರುತ್ತಿತ್ತು.

ಮೊದಲನೆಯ ಪಟ್ಟಿಯನ್ನು ಖಾಕಿ ಡ್ರಿಲ್ ಬಟ್ಟೆಯಲ್ಲಿ ಹೊಲಿದೆ. ಎರಡು ಪದರ, ಅಗಲ ಒಂಬತ್ತು ಇಂಚು, ಹಿಂದೆ ಕಟ್ಟಲು ಲಾಡಿ. ಲಾಡಿ ಸಡಿಲಾಗುತ್ತಿತ್ತು. ಎರಡನೆಯದಕ್ಕೆ ಪಕ್ಕದಲ್ಲಿ ಹಿತ್ತಾಳೆಯ ಕೊಂಡಿಗಳನ್ನು ಮೂರು ಸಾಲಿನಲ್ಲಿ ಹಾಕಿದೆ. ಬೇಕಾದಷ್ಟು ಬಿಗಿ ಮಾಡಬಹುದು. ಮಡಚಿಕೊಳ್ಳಬಾರದೆಂದು ಒಳಗೆ ಸೀಳಿದ ಬಿದಿರಿನ ತೆಳು ಕಡ್ಡಿಗಳನ್ನು ಕೂಡಿಸಿದೆ. ಅದನ್ನು ಕಟ್ಟಿಕೊಂಡರೆ ರುಕ್ಮವ್ವ ನೆಟ್ಟಗೆ ನಿಲ್ಲುತ್ತಿದ್ದಳು. ಸೀರೆ ಸರಿಯಾಗಿ ಕೂಡುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಗಿರಾಕಿಯ ಕೋಟು ನೋಡುವಂತೆ ಅವಳನ್ನು ನೋಡುತ್ತಿದ್ದೆ. ಹೆಮ್ಮೆಪಟ್ಟೆ. ಅದನ್ನು ಮುಚ್ಚಿಡುವುದಿಲ್ಲ.

ಎರಡು ವರ್ಷ ಹೀಗೆಯೇ ನಡೆಯಿತು. ಅಡಿಕೆ ನಿಂಬೆಹಣ್ಣಾಯಿತು. ನಿಂಬೆಹಣ್ಣು ಮಾದಲದ ಕಾಯಿಯಾಯಿತು. ಪಟ್ಟಿ ಬಿಚ್ಚಿದಾಗ ಹೊಟ್ಟೆಯ ಚರ್ಮ ಮಡಿಕೆಯಾಗಿ ತೊಡೆಯ ಮೇಲೆ ಬೀಳುತ್ತಿತ್ತು. ಮಡಿಕೆಯ ಒಳಗೆ ಬೆವರು ಕೂತು ಚರ್ಮ ಕೆಂಪಾಗಿ ಬಿರಿಯುತ್ತಿತ್ತು. ಅವಳು ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಿ ಅರಿವೆಯ ತುಂಡು ಇಟ್ಟುಕೊಳ್ಳುತ್ತಿದ್ದಳು. ಈ ಹುಣ್ಣನ್ನು ನಾನು ನೋಡಿದ್ದು ಬಹಳ ತಡವಾಗಿ. ಪ್ರತಿ ಎರಡು ಮೂರು ತಿಂಗಳಿಗೆ ಪಟ್ಟಿಯನ್ನು ಅರ್ಧ ಇಂಚು ಒಳಕ್ಕೆ ಹಿಡಿಯುತ್ತಿದ್ದೆ. ಅಳತೆ ತೆಗೆಯುತ್ತಿದ್ದದ್ದು ಪಟ್ಟಿಯ ಮೇಲಿನಿಂದ. ಸುತ್ತಳತೆ ಕಡಿಮೆಯಾಗುತ್ತಿದೆ ಎಂದು ಅವಳಿಗೂ ಹೇಳಿದೆ, ಅವ್ವನಿಗೂ ಹೇಳಿದೆ. ಒಳಗಿರುವುದನ್ನು ನಾನು ಅಳೆದಿರಲೇ ಇಲ್ಲ.

ಪಟ್ಟಿ ಇಲ್ಲದೆ ಹೊರಗೆ ಹೋದ ದಿನ ಬಜಾರದ ಹೆಂಗಸರು ಕೇಳುತ್ತಿದ್ದರು.

"ರುಕ್ಮವ್ವಾ, ಮತ್ತ ಎಷ್ಟ ತಿಂಗಳಾತ?"

"ಇಪ್ಪತ್ತನಾಕ. ಹುಟ್ಟಿದ ದಿನಾನ ಸಾಲಿಗೆ ಹಚ್ಚತೇನಿ" ಎನ್ನುತ್ತಿದ್ದಳು ಇವಳು.

ಕೇಳಿದವರು ನಗುತ್ತಿದ್ದರು. ಇವಳು ಮನೆಗೆ ಬಂದು, "ಇನ್ನೊಂದು ಸಾಲು ಬಿಗೀರಿ" ಎನ್ನುತ್ತಿದ್ದಳು.

ಕಳೆದ ದೀಪಾವಳಿಗೆ ಎಂಟು ದಿನ ಇತ್ತು. ಸಂತೆಯ ದಿನ. ಹಬ್ಬದ ಅಂಗಿಗಳು ಮೇಜಿನ ಮೇಲೆ ಬಿದ್ದಿದ್ದವು. ಮಧ್ಯಾಹ್ನ ಊಟವಾದ ಮೇಲೆ ರುಕ್ಮವ್ವನಿಗೆ ಹೊಕ್ಕಳ ನೋಯತೊಡಗಿತು. ಒತ್ತಿದಳು. ಒಳಗೆ ಹೋಗಲಿಲ್ಲ. ಮಲಗಿ ಒತ್ತಿದಳು. ಹೋಗಲಿಲ್ಲ. ಕೈಗೆ ಕಲ್ಲಿನಂತೆ ಹತ್ತುತ್ತಿತ್ತು. ಒಮ್ಮೆ ವಾಂತಿಯಾಯಿತು. ಉಬ್ಬಿದ್ದನ್ನು ಒಳಗೆ ತಳ್ಳಿ ಹಿಡಿದರೆ ಸರಿಹೋಗುತ್ತದೆ ಎಂದು ನನಗೆ ತೋರಿತು. ಬಟ್ಟೆಯ ವಿಷಯದಲ್ಲಿ ಅದು ನಿಜ. ಅವಳ ಪಕ್ಕದಲ್ಲಿ ಮೊಣಕಾಲೂರಿ ಕುಳಿತೆ.

ಪಟ್ಟಿಯನ್ನು ಇನ್ನೊಂದು ಕೊಂಡಿ ಬಿಗಿದೆ.

ಅವಳು ಕೂಗಲಿಲ್ಲ. ತುಟಿ ಬೆಳ್ಳಗಾಯಿತು. ಮತ್ತೆ ವಾಂತಿ ಮಾಡಿದಳು. ಈ ಸಲ ಹಸಿರು.

ಆ ಹೊತ್ತಿಗೆ ಬಾಗಿಲಲ್ಲಿ ಖಾದರಸಾಬ ನಿಂತಿದ್ದ. ಸವಣೂರಿನವನು. ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಹೊತ್ತು ಬರುತ್ತಾನೆ, ನನಗೆ ಇಪ್ಪತ್ತು ವರ್ಷದ ಗೆಳೆಯ. ಅವನು ಒಳಗೆ ಇಣುಕಿದವನೇ ಗಂಟು ಕೆಳಗಿಳಿಸಿದ.

"ಮಾಸ್ತರ, ವೈನಿಗೆ ಏನಾತು?"

"ಹೊಟ್ಟಿ ನೋವು. ಇಳೀತೈತಿ ಈಗ. ನಾಳಿ ಮುಂಜಾನೆ ದವಾಖಾನಿಗೆ ಕರಕೊಂಡ ಹೊಕ್ಕೇನಿ."

"ನನ್ನ ತಮ್ಮನ ಹೇಣ್ತಿಗೆ ಹಿಂಗ ಆಗಿತ್ತು" ಎಂದ ಖಾದರಸಾಬ. ಅವನ ದನಿ ಬಹಳ ಮೆತ್ತಗಿತ್ತು. "ನಾವೂ ನಾಳಿ ಅಂದಿದ್ವಿ."

ಐದು ನಿಮಿಷದಲ್ಲಿ ಅವನು ಸಂತೆಗೆ ಬಂದಿದ್ದ ಒಂದು ಸವಾರಿ ಗಾಡಿಯನ್ನು ತಂದು ನಿಲ್ಲಿಸಿದ.

ಊರಿನ ದವಾಖಾನೆಯ ಡಾಕ್ಟರ್ ಮೊದಲು ಮಾಡಿದ ಕೆಲಸ ಪಟ್ಟಿ ಬಿಚ್ಚಿದ್ದು. ಕೊಂಡಿಗಳು ಅವರಿಗೆ ಬೇಗ ಸಿಗಲಿಲ್ಲ. ಕತ್ತರಿ ತರಿಸಿ ಕತ್ತರಿಸಿದರು. ಮಂಚದ ಕಾಲುದೆಸೆಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿಸಿ, ಒಂದು ಇಂಜೆಕ್ಷನ್ ಕೊಟ್ಟು, ಉಬ್ಬಿನ ಮೇಲೆ ತಣ್ಣೀರಿನ ಅರಿವೆ ಹಾಕಿದರು. ಅವಳ ಮೊಣಕಾಲು ಮಡಿಸಿದರು. ಆಮೇಲೆ ಅಂಗೈ ಇಟ್ಟು ಕಾದರು. ಅವರು ಒತ್ತಲಿಲ್ಲ, ಕಾದರು. ಒಂದು ತಾಸಿನ ಮೇಲೆ ಅದು ತಾನಾಗಿ ಮೆತ್ತಗಾಗಿ ಅರ್ಧಕ್ಕಿಂತ ಹೆಚ್ಚು ಒಳಗೆ ಸರಿಯಿತು. ರುಕ್ಮವ್ವ ದೊಡ್ಡದಾಗಿ ಉಸಿರು ಬಿಟ್ಟಳು.

"ಇದಕ್ಕ ಹರ್ನಿಯಾ ಅಂತಾರ. ಹೊಟ್ಟಿ ಗ್ವಾಡಿಯೊಳಗ ತೂತು ಬಿದ್ದು ಕರಳು ಹೊರಗ ಬಂದೈತಿ. ಇಷ್ಟೊತ್ತು ಅದಕ್ಕ ಉರಲು ಬಿದ್ದಿತ್ತು. ಇನ್ನಾ ತಡಾ ಆಗಿದ್ರ ಒಳಗ ಕೊಳೀತಿತ್ತು. ಈ ಪಟ್ಟಿ ಯಾರ ಹೊಲದಾರ?"

"ನಾನ್ರಿ."

ಡಾಕ್ಟರ್ ಕತ್ತರಿಸಿದ ಪಟ್ಟಿಯನ್ನು ತಿರುಗಿಸಿ ನೋಡಿದರು. "ಕೆಲಸ ಭಾಳ ಚಲೋ ಐತಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮತ್ತೊಮ್ಮೆ ಸಿಕ್ಕಿಕೊಂಡರೆ ಹೀಗೆ ಬಿಡಿಸಲು ಆಗಲಿಕ್ಕಿಲ್ಲ ಎಂದರು. ಹಬ್ಬದ ಹೊಲಿಗೆ ಮುಗಿಸಿ ಹೋಗಬಹುದೇ ಎಂದು ನಾನು ಕೇಳಿದೆ. ಹೌದು, ಕೇಳಿದೆ. ಮರುದಿನ ಬೆಳಗ್ಗೆ ಮೂರೂ ಮಕ್ಕಳನ್ನು ಅವ್ವನ ಹತ್ತಿರ ಬಿಟ್ಟು ನಾವಿಬ್ಬರೂ ಬಸ್ಸು ಹತ್ತಿದೆವು.

ಅವ್ವ ಬಸ್ಸಿನವರೆಗೂ ಬಂದು, "ಹೊಟ್ಟಿ ಕೊಯ್ಯಿಸ್ಕೊಂಡ ಹೆಣಮಕ್ಕಳು ತಿರಗಿ ಬಂದದ್ದು ನಾ ಒಬ್ಬರನ್ನೂ ನೋಡಿಲ್ಲ" ಎಂದು ಅತ್ತಳು.

"ನನ್ನ ನೋಡೀರಂತ ತಗೋರಿ ಅತ್ತಿ" ಎಂದಳು ರುಕ್ಮವ್ವ ಕಿಟಕಿಯಿಂದ.

ಬಂಕಾಪುರದ ತನಕ ಅವಳು ಹೊಟ್ಟೆಯ ಮೇಲೆ ತಲೆದಿಂಬನ್ನು ಒತ್ತಿ ಹಿಡಿದಿದ್ದಳು. ಬಸ್ಸು ಕುಲುಕಿದಾಗಲೆಲ್ಲ ನಾನು ಅವಳ ಮುಖ ನೋಡುತ್ತಿದ್ದೆ. ಶಿಗ್ಗಾಂವದ ನಿಲ್ದಾಣದಲ್ಲಿ ಅವಳೇ, "ಹಿಂಗ್ಯಾಕ ನೋಡತೀರಿ? ನನ್ನ ಮಾರಿ ಮ್ಯಾಲೆ ಏನ ಬಸ್ಸಿನ ಬೋರ್ಡ ಐತೇನು?" ಎಂದಳು.

ಆಸ್ಪತ್ರೆಯ ಸರ್ಜನ್ ಐವತ್ತು ದಾಟಿದವರು. ಮಾತು ಕಡಿಮೆ. ಕೈ ನಿಧಾನ. ರುಕ್ಮವ್ವನನ್ನು ಮಲಗಿಸಿ ನೋಡಿದರು, ನಿಲ್ಲಿಸಿ ನೋಡಿದರು. ಮಲಗಿದಲ್ಲಿಂದಲೇ ತಲೆ ಎತ್ತಲು ಹೇಳಿದರು. ತಲೆ ಎತ್ತಿದಾಗ ಹೊಟ್ಟೆಯ ನಡುವೆ, ಎದೆಮೂಳೆಯಿಂದ ಕೆಳಗಿನ ತನಕ, ಒಂದು ಉದ್ದ ಏರು ಎದ್ದಿತು. ಅವರು ನನ್ನ ಬೆರಳನ್ನು ಹಿಡಿದು ಆ ಏರಿನ ಎರಡೂ ಬದಿಗೆ ಇಟ್ಟು ತೋರಿಸಿದರು. ಎರಡು ಗಟ್ಟಿ ಅಂಚುಗಳು. ನಡುವೆ ನನ್ನ ನಾಲ್ಕು ಬೆರಳಿನ ಜಾಗ ಖಾಲಿ. ಹದಿನಾರು ವರ್ಷದ ಸಂಸಾರದಲ್ಲಿ ನಾನು ಆ ಜಾಗವನ್ನು ಮುಟ್ಟಿದ್ದು ಅದೇ ಮೊದಲು.

ಆಮೇಲೆ ಒಂದು ಹಾಳೆ ತೆಗೆದು ಪೆನ್ಸಿಲ್ ಹಿಡಿದರು. ನಾನು ದರ್ಜಿಯೆಂದು ತಿಳಿದಿತ್ತು.

"ಹೊಟ್ಟಿ ಅಂದ್ರ ಒಂದ ಪದರಲ್ಲ, ಮಾಸ್ತರ. ಹೊರಗ ಚರ್ಮ, ಅದರ ಬುಡಕ ಕೊಬ್ಬು, ಅದರ ಬುಡಕ ಸ್ನಾಯು. ನಿನ್ನ ಹೇಣ್ತಿಗೆ ಮೂರೂ ಕೆಟ್ಟಾವು. ಯಾವುದನ್ನ ರಿಪೇರಿ ಮಾಡತೇವಿ ಅನ್ನೂದರ ಮ್ಯಾಲೆ ಆಪರೇಷನ್ ಬ್ಯಾರೆ ಬ್ಯಾರೆ."

ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದು ಹೊಕ್ಕಳದ ಸುತ್ತ ಒಂದು ಸಣ್ಣ ಗೆರೆ ಎಳೆದರು. ಇದು ಹರ್ನಿಯಾದ್ದು ಮಾತ್ರ ಎಂದರು. ಅಷ್ಟೇ ಕೊಯ್ದು, ಕರುಳು ಒಳಗಿಟ್ಟು, ತೂತು ಮುಚ್ಚುವುದು. ಗಾಯ ಸಣ್ಣದು, ಬೇಗ ಮನೆಗೆ ಹೋಗಬಹುದು. ಆದರೆ ಜೋತುಬಿದ್ದ ಭಾರ ಹಾಗೆಯೇ ಉಳಿದು ಹೊಸ ಹೊಲಿಗೆಯನ್ನು ದಿನವೂ ಕೆಳಕ್ಕೆ ಜಗ್ಗುತ್ತದೆ. ಮಡಿಕೆಯ ಹುಣ್ಣು ಮಾಯುವುದಿಲ್ಲ.

ಅದರ ಕೆಳಗೆ ಇನ್ನೊಂದು ಚಿತ್ರ ಬರೆದರು. ಈ ಸಲ ಗೆರೆ ಹೊಕ್ಕಳದ ಕೆಳಗೆ, ದೋಣಿಯ ಹಾಗೆ.

"ಇದು ಬರೇ ಚರ್ಮ, ಕೊಬ್ಬು ತಗಿಯೋದು. ದೊಡ್ಡ ದೊಡ್ಡ ಊರಾಗ ಚಂದಕ್ಕ ಮಾಡಿಸ್ಕೊಳ್ಳಾವರೂ ಅದಾರ. ಕೆಳಗಿನ ಮಡಿಕಿ ಅಷ್ಟ ತಗದ್ರ ಹೊಕ್ಕಳಕ್ಕ ಕೈ ಹಚ್ಚೂದಿಲ್ಲ. ಮ್ಯಾಲಿನ ಚರ್ಮಾನೂ ಸಡಲ ಇದ್ರ, ಅದನ್ನ ಪಕ್ಕೆಲುಬಿನ ತನಕ ಬಿಡಿಸಿ ಕೆಳಗ ಎಳದು, ಹೊಕ್ಕಳಕ್ಕ ಹೊಸಾ ತೂತು ಮಾಡಿ ಕುಂದರಸ್ತಾರ."

"ಹೊಸಾ ಕಾಜಾ" ಎಂದಳು ರುಕ್ಮವ್ವ.

ಸರ್ಜನ್ ಮೊದಲ ಸಲ ಅವಳತ್ತ ಪೂರ್ತಿ ತಿರುಗಿದರು. "ಹೌದವಾ, ಹೊಸಾ ಕಾಜಾ. ಆದ್ರ ನಿನಗ ಅದರಿಂದ ಉಪಯೋಗಿಲ್ಲ. ಹೊರಗ ಚಂದಾಗಿ ಒಳಗ ತೂತು ಹಂಗ ಇದ್ರ, ಕರಳು ಮತ್ತ ಸಿಕ್ಕೋತೈತಿ."

ಮೂರನೆಯದು ಎರಡನ್ನೂ ಕೂಡಿಸಿದ್ದು. ಒಂದು ಟೊಂಕದ ಎಲುಬಿನಿಂದ ಇನ್ನೊಂದರ ತನಕ ಕೊಯ್ಯುವುದು. ಹೆಚ್ಚಾದ ಚರ್ಮ, ಕೊಬ್ಬು, ಹರ್ನಿಯಾದ ಚೀಲ, ಎಲ್ಲ ಒಟ್ಟಿಗೆ ತೆಗೆಯುವುದು. ಅಗಲಿದ ಸ್ನಾಯುವಿನ ಗಟ್ಟಿ ಪೊರೆಯ ಅಂಚುಗಳನ್ನು ಹತ್ತಿರ ತಂದು, ಒಂದರ ಮೇಲೊಂದು ಹಾಸಿ, ಎರಡು ಸಾಲು ಹೊಲಿಯುವುದು.

"ಅಂಗಿ ಗುಂಡಿಪಟ್ಟಿ ಹಂಗ್ರಿ?" ಎಂದೆ.

"ಅಗದೀ ಹಂಗ."

ನನಗೆ ಧೈರ್ಯ ಬಂತು. ನನ್ನ ಭಾಷೆಯೇ ಇದು ಎನಿಸಿತು. "ಹಂಗಾದ್ರ ಸಾಹೇಬ್ರ, ಚರ್ಮ ಇನ್ನಾ ಒಂದೆರಡ ಇಂಚು ಹೆಚ್ಚಿಗಿ ತಗೀರಿ. ಅಗದೀ ಬಿಗಿಯಾಗಿ ಕುಂದರತೈತಿ" ಎಂದೆ.

ಅವರು ಪೆನ್ಸಿಲ್ ಕೆಳಗಿಟ್ಟರು.

"ಬಟ್ಟಿಗೆ ರಕ್ತ ಬೇಕೇನು?"

ಬೇಡವೆಂದು ತಲೆಯಾಡಿಸಿದೆ.

"ಚರ್ಮಕ್ಕ ಬೇಕು. ಎಳದು ಬಿಗಿದು ಹೊಲದ್ರ ಅಂಚಿಗೆ ರಕ್ತ ಮುಟ್ಟಂಗಿಲ್ಲ. ಕರ್ರಗಾಗಿ ಸಾಯತೈತಿ. ಹೊಟ್ಟಿ ಒಮ್ಮೆಗೆ ಬಿಗಿ ಆದ್ರ ಉಸರಾಡಾಕ ಜಾಗಾ ಸಾಲಂಗಿಲ್ಲ. ಬಿಗಿ ಮಾಡೋದು ಕಸಬಲ್ಲ, ಮಾಸ್ತರ. ಎಲ್ಲಿ ನಿಲ್ಲಸಬೇಕು ಅನ್ನೂದು ಕಸಬು."

ಅವರು ಪಟ್ಟಿಯ ಸಂಗತಿಯನ್ನು ಕೇಳಿರಲಿಲ್ಲ. ಆದರೆ ರುಕ್ಮವ್ವನ ಪಕ್ಕೆಯಲ್ಲಿ ಮೂರು ಸಾಲು ಕೊಂಡಿಯ ಗುರುತು ಕಪ್ಪಗೆ ಕೂತಿತ್ತು. ಅದನ್ನು ಅವರು ನೋಡಿದ್ದರು.

ಎರಡು ಪ್ರಶ್ನೆ ಉಳಿದಿದ್ದವು. ಒಂದನ್ನು ಅವರೇ ಕೇಳಿದರು. ಮುಂದೆ ಮಕ್ಕಳು ಬೇಕೆ? ಮತ್ತೆ ಬಸುರಾದರೆ ಹೊಲಿಗೆ ಬಿಚ್ಚಬಹುದು. ನಾನು ಬಾಯಿ ತೆರೆಯುವ ಮೊದಲೇ ರುಕ್ಮವ್ವ, "ಸಾಕ್ರಿ. ನನ್ನ ಪಾಲಿಂದು ಮುಗಸೇನಿ" ಎಂದಳು. ಇನ್ನೊಂದನ್ನು ಅವಳು ಕೇಳಿದಳು.

"ನನ್ನ ಹೊಕ್ಕಳ ಏನಾಕೈತ್ರಿ?"

"ಹೋಗತೈತಿ. ತೂತು ಅದರಾಗ ಬಿದ್ದೈತಿ, ಚರ್ಮ ಹಾಳಿಯಂಗ ತೆಳ್ಳಗಾಗೇತಿ. ಉಳಸಾಕ ಹೋದ್ರ ಗಾಯ ಕೆಡತೈತಿ."

ಅವಳು ಸ್ವಲ್ಪ ಹೊತ್ತು ಹಾಳೆಯ ಮೇಲಿನ ಚಿತ್ರ ನೋಡಿದಳು.

"ಹೋಗ್ಲಿ ಬಿಡ್ರಿ. ನಮ್ಮವ್ವನ ಕೂಡ ಕಡಕೊಂಡು ಮೂವತ್ನಾಕ ವರ್ಷ ಆತು. ಮೂರನೇದ್ದ ಮಾಡ್ರಿ."

ನಿರ್ಧಾರ ಅವಳದಾಗಿತ್ತು. ಒಪ್ಪಿಗೆಯ ಕಾಗದದಲ್ಲಿ ಹೆಬ್ಬೆಟ್ಟು ಒತ್ತುವ ಕಡೆ ಅವಳು ತನ್ನ ಹೆಸರು ಬರೆದಳು. ರು ಅಕ್ಷರದಲ್ಲಿ ಸ್ವಲ್ಪ ನಿಂತಳು, ಆಮೇಲೆ ಉಳಿದದ್ದನ್ನು ಒಂದೇ ಉಸಿರಿಗೆ ಮುಗಿಸಿದಳು.

ಕೂಡಲೇ ಆಪರೇಷನ್ ಮಾಡಲಿಲ್ಲ. ಮಡಿಕೆಯ ಹುಣ್ಣು ಒಣಗುವ ತನಕ ಒಂಬತ್ತು ದಿನ ವಾರ್ಡಿನಲ್ಲೇ ಇಟ್ಟುಕೊಂಡರು. ಕೊಳೆತ ಚರ್ಮದ ಮೇಲೆ ಕತ್ತಿ ಇಡುವುದಿಲ್ಲ ಎಂದರು. ಇನ್ನೊಮ್ಮೆ ಸಿಕ್ಕಿಕೊಂಡರೆ ಮಾತ್ರ ಆ ಕ್ಷಣವೇ ಒಳಗೆ ಒಯ್ಯುವುದಾಗಿ ಹೇಳಿದ್ದರು. ಸಿಕ್ಕಿಕೊಳ್ಳಲಿಲ್ಲ. ದೀಪಾವಳಿ ಅಲ್ಲೇ ಕಳೆಯಿತು. ಹಾನಗಲ್ಲಿನಲ್ಲಿ ಅರ್ಧ ಹೊಲಿದ ಅಂಗಿಗಳು ಅರ್ಧವೇ ಉಳಿದವು. ಒಬ್ಬ ಗಿರಾಕಿಯೂ ಆಮೇಲೆ ಆ ಮಾತು ಆಡಲಿಲ್ಲ.

ಹತ್ತನೆಯ ದಿನ ಬೆಳಗ್ಗೆ ಒಯ್ದರು. ಬಾಗಿಲು ಮುಚ್ಚಿತು. ಸಂದಿನಿಂದ ಈಥರಿನ ವಾಸನೆ ಬರುತ್ತಿತ್ತು. ನಾನು ಗೋಡೆಗೆ ಒರಗಿ ನಿಂತೆ. ಕುಳಿತರೆ ಏನೋ ಕೆಟ್ಟದ್ದಾಗುತ್ತದೆ ಎನಿಸಿತ್ತು. ಎರಡೂವರೆ ತಾಸು.

ಸಿಸ್ಟರ್ ಹೊರಗೆ ಬಂದು, "ಆತು. ಉಸರಾಟ ಚಲೋ ಐತಿ" ಎಂದರು. ಅವರ ಕೈಯಲ್ಲಿ ಬಿಳಿ ಬೋಗುಣಿ ಇತ್ತು, ಮೇಲೆ ಅರಿವೆ. ನೋಡುತ್ತೀರಾ ಎಂದು ಕೇಳಿದರು. ನೋಡಿದೆ. ನಾನು ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ದೋಣಿಯ ಆಕಾರ. ಉದ್ದ ಸುಮಾರು ಹದಿನೆಂಟು ಇಂಚು, ನಡುವೆ ಅಗಲ ಏಳು. ಕಣ್ಣು ಅಳೆಯುವುದನ್ನು ಬಿಡಲಿಲ್ಲ. ಒಂದು ಬದಿಗೆ ಹಳದಿ ಕೊಬ್ಬು. ಇನ್ನೊಂದು ಬದಿಗೆ ಚರ್ಮ, ಅದರ ಮೇಲೆ ಐದು ಬಸುರಿನ ಬಿಳಿ ಗೆರೆಗಳು. ಆ ಗೆರೆಗಳ ನಡುವೆ ಅವಳ ಹೊಕ್ಕಳ.

ಅಲ್ಲೇ ಕುಳಿತುಬಿಟ್ಟೆ.

ವಾರ್ಡಿನಲ್ಲಿ ಅವಳನ್ನು ಮೊಣಕಾಲು ಮಡಿಸಿ, ಬೆನ್ನಿಗೆ ದಿಂಬು ಕೊಟ್ಟು, ಅರ್ಧ ಕುಳಿತಂತೆ ಮಲಗಿಸಿದ್ದರು. ಹೊಲಿಗೆಯ ಮೇಲೆ ಜಗ್ಗಾಟ ಬೀಳಬಾರದೆಂದು ಹಾಗೆ. ಗಾಯದ ಎರಡು ತುದಿಯಿಂದ ರಬ್ಬರಿನ ಸಣ್ಣ ಕೊಳವೆ. ಹೊಟ್ಟೆಯ ಸುತ್ತ ಎರಡೂ ಬದಿಗೆ ಬಾಲಗಳಂತೆ ಸೀಳಿದ ಅರಿವೆಯ ಒಂದು ಕಟ್ಟು. ಎಡದ್ದೊಂದು, ಬಲದ್ದೊಂದು, ಓರೆಯಾಗಿ ಒಂದರ ಮೇಲೊಂದು ಬರುವಂತೆ ಸಿಸ್ಟರ್ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಪ್ರತಿ ಸಲ ತಮ್ಮ ಬೆರಳನ್ನು ಒಳಗೆ ತೂರಿಸಿ ಜಾಗ ಇದೆಯೇ ಎಂದು ನೋಡುತ್ತಿದ್ದರು. ಬಹಳ ಹೊತ್ತು ನಾನು ಆ ಬೆರಳನ್ನೇ ನೋಡುತ್ತಿದ್ದೆ. ಎರಡು ವರ್ಷದಲ್ಲಿ ನಾನು ಒಮ್ಮೆಯೂ ಹಾಗೆ ಬೆರಳು ಇಟ್ಟು ನೋಡಿರಲಿಲ್ಲ.

ಎರಡನೆಯ ದಿನವೇ ಎಬ್ಬಿಸಿ ನಡೆಸಿದರು. ಅವಳು ನೆಲದಲ್ಲಿ ಬಿದ್ದ ಸೂಜಿ ಹುಡುಕುವವಳಂತೆ ಬಾಗಿ ನಡೆದಳು. ನಗಿಸಬೇಡಿ ಎಂದು ನನಗೆ ತಾಕೀತು ಮಾಡಿದಳು. ನಗು ಬಂದರೆ, ಕೆಮ್ಮು ಬಂದರೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ಆರನೆಯ ದಿನ ಡ್ರೆಸಿಂಗ್ ಬಿಚ್ಚಿದಾಗ ಗಾಯದ ನಡುವೆ, ಎರಡು ಇಂಚು ಉದ್ದಕ್ಕೆ, ಅಂಚು ನೇರಳೆಯಾಗಿತ್ತು. ಎಂಟನೆಯ ದಿನಕ್ಕೆ ಕಪ್ಪಾಯಿತು.

ಸರ್ಜನ್ ಹೇಳಿದ್ದು ನೆನಪಿತ್ತು. ಕರ್ರಗಾಗಿ ಸಾಯುತ್ತದೆ.

ಅವರನ್ನು ಹೊರಗೆ ಕರೆದು ಕೇಳಿದೆ. ಅವರು ನನ್ನ ಹೆಗಲ ಮೇಲೆ ಕೈ ಇಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ವಿಷಯ ಹೇಳಿದರು. ಹುಣ್ಣಾಗಿದ್ದ ಚರ್ಮ ಅದೇ ಜಾಗದಲ್ಲಿ ಮೊದಲೇ ದುರ್ಬಲವಾಗಿತ್ತು. ಸತ್ತದ್ದು ಮೇಲಿನ ಪದರ ಮಾತ್ರ. ಒಳಗಿನ ಹೊಲಿಗೆ ಗಟ್ಟಿ ಇದೆ. ಸತ್ತ ತುಂಡನ್ನು ಕತ್ತರಿಸುತ್ತೇವೆ, ದಿನವೂ ತೊಳೆದು ಅರಿವೆ ತುಂಬುತ್ತೇವೆ, ತಳದಿಂದ ಕೆಂಪು ಮಾಂಸ ಬೆಳೆದು ತಾನೇ ತುಂಬಿಕೊಳ್ಳುತ್ತದೆ. "ತೂತು ಬಿದ್ದ ಬಟ್ಟಿ ತಾನಾಗೆ ಬೆಳದು ತುಂಬತೈತೇನು? ಇದು ತುಂಬತೈತಿ. ನೋಡ್ತಿರು" ಎಂದರು.

ನೋಡಿದೆ. ದಿನವೂ ಡ್ರೆಸಿಂಗಿನ ಹೊತ್ತಿಗೆ ಸಿಸ್ಟರಿನ ಪಕ್ಕದಲ್ಲಿ ನಿಂತು ನೋಡಿದೆ. ಹನ್ನೊಂದನೆಯ ದಿನ ತಳ ಬೂದುಬಣ್ಣ. ಹದಿಮೂರಕ್ಕೆ ಅಲ್ಲಲ್ಲಿ ಕೆಂಪು ಚುಕ್ಕೆ. ಹದಿನಾರಕ್ಕೆ ಪೂರ್ತಿ ಕೆಂಪು, ದಾಳಿಂಬೆಯ ಕಾಳಿನ ಹಾಗೆ ಕಾಳು ಕಾಳು. ಅಂಚುಗಳು ಒಂದೊಂದು ನೂಲಿನಷ್ಟು ಒಳಕ್ಕೆ ಸರಿಯುತ್ತ ಬಂದವು. ಯಾರೂ ಎಳೆಯುತ್ತಿರಲಿಲ್ಲ, ತಾವಾಗಿಯೇ ಬರುತ್ತಿದ್ದವು.

ಹದಿನೆಂಟನೆಯ ದಿನ ಮಧ್ಯಾಹ್ನ, ಡ್ರೆಸಿಂಗ್ ಮುಗಿದು ವಾರ್ಡು ಸುಮ್ಮನಿದ್ದಾಗ, ಅವಳ ಮಂಚದ ಪಕ್ಕ ಕುಳಿತು ಹೇಳಿದೆ.

"ಸಂತಿ ದಿನ ನಿನಗ ಹಂಗ ಆದಾಗ, ಪಟ್ಟಿ ಬಿಚ್ಚೂದು ಬಿಟ್ಟು ಇನ್ನೊಂದ ಕೊಂಡಿ ಬಿಗದೆ ನಾನು."

"ಗೊತ್ತೈತಿ. ಹೊಟ್ಟಿ ನನ್ನದ ಅಲ್ಲೇನು?"

"ಎರಡ ವರ್ಷ ಬಿಗೀತಾನ ಬಂದೆ. ನೀ ಸತ್ತಿದ್ರ?"

ಅವಳು ಮೊಣಕಾಲನ್ನು ಸ್ವಲ್ಪ ಸರಿಪಡಿಸಿಕೊಂಡಳು.

"ಪಟ್ಟಿ ಬ್ಯಾಡ ಅಂತ ನಾ ಒಮ್ಮೆರೆ ಅಂದೇನೇನು? ಕಟ್ಟಿಕೊಂಡ್ರ ಜನ ಕೇಳೂದು ಬಿಡತಿದ್ರು. ಅದಕ್ಕ ಬಿಗೀರಿ ಅಂದೆ. ಹುಣ್ಣಾದ್ರೂ ನಿಮಗ ತೋರಸಲಿಲ್ಲ, ತೋರಿಸಿದ್ರ ನೀವು ಬಿಚ್ಚಿ ಒಗೀತೀರಿ ಅಂತ. ತಪ್ಪಿನಾಗ ಅರ್ಧ ನಂದೂ ಐತಿ. ಎಲ್ಲಾ ನೀವ ಹೊತ್ಕೊಂಡ ಕುಂತ್ರ, ನಾ ಏನ ಕೂಸೇನು?"

ನಾನು ತಲೆ ತಗ್ಗಿಸಿದೆ.

"ಅಳಬ್ಯಾಡ್ರಿ. ನಿಮ್ಮನ್ನ ನೋಡಿದ್ರ ನನಗ ನಗಿ ಬರತೈತಿ. ನಗಿ ಬಂದ್ರ ಹೊಲಿಗಿ ಜಗ್ಗತೈತಿ" ಎಂದಳು. ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇಪ್ಪತ್ತೇಳನೆಯ ದಿನ ಮನೆಗೆ ಬಂದೆವು. ಆರು ತಿಂಗಳು ಕೊಡ ಎತ್ತಬಾರದು, ಇಸ್ತ್ರಿಪೆಟ್ಟಿಗೆ ಎತ್ತಬಾರದು. ಅವ್ವ ಮೊದಲ ದಿನವೇ ಬಾಗಿಲು ಹಾಕಿಕೊಂಡು ಸೊಸೆಯ ಹೊಟ್ಟೆ ನೋಡಿದಳು. ಟೊಂಕದಿಂದ ಟೊಂಕಕ್ಕೆ ಕೆಂಪು ಗೆರೆ, ನಡುವೆ ರೂಪಾಯಿ ಅಗಲದ ಹೊಸ ಚರ್ಮ, ಮೇಲೆ ಹೊಕ್ಕಳವೇ ಇಲ್ಲದ ಬಯಲು. ಹೊರಗೆ ಬಂದು ನನಗೆ, "ಯಾವ ಸಿಂಪಿಗ ಹೊಲದಾನೋ, ನಿನಗಿಂತ ಶ್ಯಾಣ್ಯಾ ಅದಾನ" ಎಂದಳು. ಮರುದಿನದಿಂದ ನೀರು ತರುವ ಕೊಡ ಅವಳ ಟೊಂಕಕ್ಕೇರಿತು. ಅರವತ್ತರ ಮುದುಕಿ. ಬೇಡವೆಂದರೆ ಬೈಯುತ್ತಿದ್ದಳು. ಇಸ್ತ್ರಿ ನನಗೆ ಬಂತು.

ಈಗ ಎಂಟು ತಿಂಗಳಾಗಿದೆ. ರುಕ್ಮವ್ವ ನೆಟ್ಟಗೆ ನಡೆಯುತ್ತಾಳೆ. ಹೊಟ್ಟೆ ಹುಡುಗಿಯರ ಹೊಟ್ಟೆಯಂತಿಲ್ಲ, ಆಗುವುದೂ ಇಲ್ಲ. ಮಳೆ ಬರುವ ಮುಂಚೆ ಗಾಯದ ಗೆರೆ ಜಗ್ಗುತ್ತದೆ. ಹರ್ನಿಯಾ ಮತ್ತೆ ಬರಬಹುದು, ಬರದೆಯೂ ಇರಬಹುದು ಎಂದು ಸರ್ಜನ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ವರ್ಷಕ್ಕೊಮ್ಮೆ ತೋರಿಸಬೇಕು. ಇದಕ್ಕೆಲ್ಲ ನಾವು ಒಪ್ಪಿಕೊಂಡಿದ್ದೇವೆ.

ಒಂದಕ್ಕೆ ಮಾತ್ರ ಅವಳು ಒಪ್ಪಿಕೊಂಡಿರಲಿಲ್ಲ. ಗೆರೆಯ ಮೇಲಿನ ಚರ್ಮ, ಅಂಗೈಯಗಲ, ಸತ್ತಂತೆ ಇತ್ತು. ಚರ್ಮ ಬಿಡಿಸುವಾಗ ಸಣ್ಣ ನರಗಳು ಕಡಿಯುತ್ತವೆ, ಬಹಳ ಮಂದಿಗೆ ವರ್ಷದೊಳಗೆ ಸ್ಪರ್ಶ ತಿರುಗಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದಿದ್ದರು. ಮುಟ್ಟಿದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಬಿಸಿ ಪಾತ್ರೆ ತಗುಲಿ ಬೊಬ್ಬೆ ಬಂದದ್ದು ಸ್ನಾನ ಮಾಡುವಾಗ ಕಣ್ಣಿಗೆ ಬಿದ್ದು ಗೊತ್ತಾಯಿತು. ಅವತ್ತು ಮಾತ್ರ ಅವಳು ಬೇಜಾರು ಮಾಡಿಕೊಂಡಳು. "ಜೀವ ಉಳೀತು, ಖರೆ. ಆದ್ರ ಇಲ್ಲಿ ಕೈ ಇಟ್ರ ಮಂದಿ ಹೊಟ್ಟಿ ಮುಟ್ಟಿದಂಗ ಆಕೈತ್ರಿ" ಎಂದಳು.

ಹೋದ ವಾರ ಮಧ್ಯಾಹ್ನ ನಾನು ಪಾಯಜಾಮಕ್ಕೆ ಲಾಡಿ ತೂರಿಸುವ ನೆಫೆ ಹೊಲಿಯುತ್ತಿದ್ದೆ. ಒಳಗೆ ಅವಳು ಬೆಲ್ಲ ಕುಟ್ಟುತ್ತಿದ್ದಳು. ಒಮ್ಮೆಲೆ ಕೂಗಿದಳು. ನಾನು ಮಷಿನ್ ಬಿಟ್ಟು ಓಡಿದೆ. ಅವ್ವ ಚೇಳೆಂದು ಕೋಲು ಹಿಡಿದು ಬಂದಳು. ರುಕ್ಮವ್ವ ಸೆರಗು ಸರಿಸಿ ಹೊಟ್ಟೆಯನ್ನೇ ನೋಡುತ್ತ ನಿಂತಿದ್ದಳು. ಗೆರೆಯಿಂದ ಎರಡು ಇಂಚು ಮೇಲೆ ಒಂದು ಕೆಂಪಿರುವೆ ಕಚ್ಚಿ ಹಿಡಿದಿತ್ತು.

"ಕಡೀತ್ರಿ! ಗೊತ್ತಾತ್ರಿ ನನಗ! ಖರೇನ ಗೊತ್ತಾತು!"

ಕಣ್ಣಲ್ಲಿ ನೀರು ತುಂಬಿತ್ತು. ಅವ್ವ ಇರುವೆ ಕಿತ್ತು ಒಗೆದು, ಸುಣ್ಣದ ಡಬ್ಬಿ ತಂದು ಬೆರಳಲ್ಲಿ ಸುಣ್ಣ ತೆಗೆದಳು. ರುಕ್ಮವ್ವ ಅವಳ ಕೈ ಹಿಡಿದು ತಡೆದಳು.

"ಇರ್ರಿ ಅತ್ತಿ. ಇನ್ನೊಂದೀಟು ಉರೀಲಿ."